ಶಿಕ್ಷಣ ತಂತ್ರಜ್ಞಾನದ ಕೋರ್ಸ್ ಮುಗಿಸಿದ ಶಿಕ್ಷಕರು ಚಿಂತನಾ ಬರಹವನ್ನು ಬರೆಯುವ ಬಗೆ

ಶಿಕ್ಷಣ ತಂತ್ರಜ್ಞಾನದ ಆನ್‌ಲೈನ್ ಕೋರ್ಸ್‌ಗಳ ಕೊನೆಯ ಅಸೈನ್‌ಮೆಂಟ್ ಹೆಚ್ಚಾಗಿ ಒಂದು ಚಿಂತನಾ ಬರಹವಾಗಿರುತ್ತದೆ. ಏನನ್ನು ಕಲಿತಿರಿ, ಕಲಿತದ್ದನ್ನು ತರಗತಿಯಲ್ಲಿ ಹೇಗೆ ಬಳಸುವಿರಿ ಎಂಬುದೇ ಅದರ ಪ್ರಶ್ನೆ. ಇಂಥ ಕೋರ್ಸನ್ನು ಈಚೆಗೆ ಮುಗಿಸಿದ ವಿಜ್ಞಾನ ಶಿಕ್ಷಕಿಯಾಗಿ ನನಗೆ ಮನವರಿಕೆಯಾದ ಸಂಗತಿ ಒಂದಿದೆ: ಈ ಬರಹವನ್ನು ಉಪಕರಣಗಳ ಸುತ್ತ ಹೆಣೆಯಬಾರದು, ಒಂದು ಪಾಠದ ಸುತ್ತ ಹೆಣೆಯಬೇಕು. ಕ್ವಿಜ್ ಆ್ಯಪ್, ವಿಡಿಯೊ ಸಂಪಾದನೆ, ಡಿಜಿಟಲ್ ಬೋರ್ಡ್ ಎಂದು ಪರಿಚಯವಾದ ಸಾಧನಗಳನ್ನೆಲ್ಲ ಸಾಲಾಗಿ ಬರೆದರೆ ಅಂಕಗಳು ಸಿಗಬಹುದು, ಆದರೆ ಮುಂದಿನ ವಾರ ತರಗತಿಯ ಬಾಗಿಲಲ್ಲಿ ನಿಂತಾಗ ಆ ಪಟ್ಟಿಯಿಂದ ಯಾವ ನೆರವೂ ದೊರೆಯುವುದಿಲ್ಲ.

ಬರೆಯಲು ಕೂರುವ ಮೊದಲು ಕೋರ್ಸಿನ ಟಿಪ್ಪಣಿಗಳನ್ನೂ ವಿಡಿಯೊಗಳನ್ನೂ ಮುಚ್ಚಿಡಿ. ನೆನಪಿನಲ್ಲಿ ಉಳಿದಿರುವುದನ್ನು ಮಾತ್ರ ಒಂದು ಹಾಳೆಯಲ್ಲಿ ಬರೆಯಿರಿ, ಆಮೇಲೆ ಟಿಪ್ಪಣಿಗಳನ್ನು ತೆರೆದು ಬಿಟ್ಟುಹೋದುದನ್ನು ಬೇರೆ ಬಣ್ಣದಲ್ಲಿ ಸೇರಿಸಿ. ಈ ಸಲಹೆಗೆ ಗಟ್ಟಿಯಾದ ಆಧಾರವಿದೆ. ಮನೋವಿಜ್ಞಾನಿಗಳಾದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಒಂದು ಗದ್ಯಭಾಗವನ್ನು ಮತ್ತೆ ಮತ್ತೆ ಓದಿದವರು 5 ನಿಮಿಷದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ಆದರೆ ಒಂದು ವಾರದ ನಂತರ ಹೆಚ್ಚು ನೆನಪಿಟ್ಟುಕೊಂಡಿದ್ದವರು, ಓದಿದ ಮೇಲೆ ಪುಸ್ತಕ ನೋಡದೆ ನೆನಪಿಸಿಕೊಂಡು ಬರೆದವರೇ. ವಿದ್ಯಾರ್ಥಿಗಳಿಗೆ ಅಂಕವಿಲ್ಲದ ಕಿರು ಕ್ವಿಜ್ ಕೊಡಬೇಕೆಂದು ಕೋರ್ಸ್‌ಗಳು ಹೇಳಿಕೊಡುವುದು ಇದೇ ಕಾರಣಕ್ಕೆ. ಆ ವಿಧಾನವನ್ನು ಶಿಕ್ಷಕರು ಮೊದಲು ತಮ್ಮ ಕಲಿಕೆಗೇ ಅನ್ವಯಿಸಿ ನೋಡಿದರೆ, ಅದರ ಕಷ್ಟವೂ ಪ್ರಯೋಜನವೂ ಒಟ್ಟಿಗೆ ತಿಳಿಯುತ್ತವೆ.

ಇನ್ನು ಪಾಠದ ಆಯ್ಕೆ. ಚೆನ್ನಾಗಿಯೇ ನಡೆಯುತ್ತಿರುವ ಪಾಠವನ್ನು ಆರಿಸಬೇಡಿ, ಅದಕ್ಕೆ ತಂತ್ರಜ್ಞಾನದ ಅಗತ್ಯವಿಲ್ಲ. ವರ್ಷ ವರ್ಷವೂ ವಿದ್ಯಾರ್ಥಿಗಳು ಒಂದೇ ಜಾಗದಲ್ಲಿ ಎಡವುವ ಪಾಠವನ್ನು ಆರಿಸಿ, ಎಡವುವ ಜಾಗ ಯಾವುದೆಂದು ಒಂದೇ ವಾಕ್ಯದಲ್ಲಿ ಬರೆಯಿರಿ. 'ವಿದ್ಯುತ್ ಪಾಠ ಮಕ್ಕಳಿಗೆ ಕಷ್ಟ' ಎಂಬ ವಾಕ್ಯ ಸಾಲದು. 'ಬ್ಯಾಟರಿಯಿಂದ ಹೊರಟ ವಿದ್ಯುತ್ ಪ್ರವಾಹದ ಒಂದು ಪಾಲು ಬಲ್ಬಿನಲ್ಲಿ ಖರ್ಚಾಗಿ, ಉಳಿದದ್ದು ಮಾತ್ರ ಹಿಂತಿರುಗುತ್ತದೆ ಎಂದು ಮಕ್ಕಳು ನಂಬಿದ್ದಾರೆ' ಎಂದು ಬರೆದಾಗ ಕೆಲಸ ಆರಂಭವಾಗುತ್ತದೆ. ಇದು ಭೌತವಿಜ್ಞಾನ ಕಲಿಸುವವರೆಲ್ಲರಿಗೂ ಪರಿಚಿತವಾದ ತಪ್ಪು ಕಲ್ಪನೆ. ಭಾಗಗಳನ್ನು ಒಂದರ ಹಿಂದೆ ಒಂದಾಗಿ ಜೋಡಿಸಿದ ಸರಣಿ ಮಂಡಲದಲ್ಲಿ ಬಲ್ಬಿನ ಎರಡೂ ಬದಿಯ ಪ್ರವಾಹ ಸಮನಾಗಿಯೇ ಇರುತ್ತದೆ. ಬಲ್ಬಿಗೆ ವರ್ಗವಾಗುವುದು ಶಕ್ತಿ. ಈ ವ್ಯತ್ಯಾಸವನ್ನು ಬೋರ್ಡಿನ ಮೇಲೆ ಬರೆದು ಹೇಳಿದರೆ ಮಕ್ಕಳು ತಲೆದೂಗುತ್ತಾರೆ, ಆದರೆ ಪರೀಕ್ಷೆಯಲ್ಲಿ ಹಳೆಯ ನಂಬಿಕೆಯನ್ನೇ ಬರೆಯುತ್ತಾರೆ.

ಎಡವುವ ಜಾಗ ಖಚಿತವಾದ ಮೇಲೆಯೇ ಯಾವ ಸಾಧನ ಎಂಬ ಪ್ರಶ್ನೆ ಬರಬೇಕು. ಮೇಲಿನ ಉದಾಹರಣೆಗೆ, ಭೌತವಿಜ್ಞಾನಿ ಕಾರ್ಲ್ ವೀಮನ್ 2002ರಲ್ಲಿ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಆರಂಭಿಸಿದ ಫೆಟ್ (PhET) ಯೋಜನೆಯ ವಿದ್ಯುತ್ ಮಂಡಲದ ಸಿಮ್ಯುಲೇಶನ್, ಅಂದರೆ ಪರದೆಯ ಮೇಲೆ ನಡೆಸಬಹುದಾದ ಪ್ರಯೋಗದ ಅನುಕರಣೆ, ಒದಗುತ್ತದೆ. ಅದು ಉಚಿತ. ತಂತಿಯೊಳಗೆ ಸಾಗುವ ಎಲೆಕ್ಟ್ರಾನ್‌ಗಳನ್ನು ಅದು ಚಿತ್ರಿಸಿ ತೋರಿಸುತ್ತದೆ, ಪ್ರವಾಹವನ್ನು ಅಳೆಯುವ ಅಮ್ಮೀಟರನ್ನು ಬಲ್ಬಿನ ಯಾವ ಬದಿಗೆ ಬೇಕಾದರೂ ಜೋಡಿಸಬಹುದು. ಆದರೆ ಸಿಮ್ಯುಲೇಶನ್ನನ್ನು ತೆರೆದು ತೋರಿಸಿದ ಮಾತ್ರಕ್ಕೆ ತಪ್ಪು ಕಲ್ಪನೆ ಅಳಿಯುವುದಿಲ್ಲ. ಮೊದಲು ಪ್ರತಿಯೊಬ್ಬ ವಿದ್ಯಾರ್ಥಿಯೂ ಬಲ್ಬಿನ ಆಚೆಗೆ ಅಮ್ಮೀಟರ್ ಎಷ್ಟು ತೋರಿಸೀತೆಂಬ ತನ್ನ ಊಹೆಯನ್ನು, ಅದರ ಕಾರಣದೊಂದಿಗೆ, ನೋಟ್‌ಬುಕ್ಕಿನಲ್ಲಿ ಬರೆಯಬೇಕು. ಅನಂತರ ಅಳೆದು ನೋಡಬೇಕು. ಊಹೆಗೂ ಅಳತೆಗೂ ಹೊಂದಿಕೆಯಾಗದಿದ್ದರೆ ಏಕೆಂದು ಪಕ್ಕದವರೊಡನೆ ಚರ್ಚಿಸಬೇಕು. ಊಹೆ ಬರೆಯುವ ಆ ಕೆಲವು ನಿಮಿಷಗಳೇ ಇಡೀ ಪಾಠದ ಜೀವಾಳ ಎಂದು ನಾನು ದೃಢವಾಗಿ ನಂಬುತ್ತೇನೆ. ಸಮಯ ಸಾಲದೆಂದು ಅವನ್ನು ಬಿಟ್ಟರೆ ಉಳಿಯುವುದು ಚಂದದ ಪ್ರದರ್ಶನ ಮಾತ್ರ.

ಇದರ ಜೊತೆಗೆ, ಆರಿಸಿದ ಸಾಧನ ಏನನ್ನು ಮರೆಮಾಡುತ್ತದೆ ಎಂಬುದನ್ನೂ ಬರಹದಲ್ಲಿ ದಾಖಲಿಸಿ. ನಿಜವಾದ ಮಂಡಲದಲ್ಲಿ ಸಂಪರ್ಕ ಸಡಿಲವಾಗಿರುತ್ತದೆ, ಬ್ಯಾಟರಿ ಸೋತಿರುತ್ತದೆ, ಬಲ್ಬು ಬಿಸಿಯಾಗುತ್ತದೆ. ಅವುಗಳನ್ನು ಕೈಯಿಂದ ಮುಟ್ಟಿ, ದೋಷವನ್ನು ಹುಡುಕಿ ಸರಿಪಡಿಸುವ ಅನುಭವಕ್ಕೆ ಪರದೆ ಬದಲಿಯಾಗಲಾರದು. ಎರಡನ್ನೂ ಒಂದೇ ಪಾಠದಲ್ಲಿ ಸೇರಿಸಲು ಸಾಧ್ಯವಿದ್ದಲ್ಲಿ ಹಾಗೆಯೇ ಮಾಡಬೇಕು.

ಕೋರ್ಸಿನಲ್ಲಿ ಬಂದ ಸಿದ್ಧಾಂತಗಳನ್ನು ಎಲ್ಲಿ ತರಬೇಕೆಂಬ ಗೊಂದಲ ಹಲವರಿಗಿರುತ್ತದೆ. ಪಾಠದ ವಿವರಣೆ ಮುಗಿದ ಮೇಲೆ, ಅದಕ್ಕೆ ಬೆಳಕು ಚೆಲ್ಲುವಷ್ಟನ್ನು ಮಾತ್ರ ತನ್ನಿ. ವಿಷಯವನ್ನು ಬಲ್ಲವರೆಲ್ಲರೂ ಅದನ್ನು ಕಲಿಸಬಲ್ಲರೆಂದಲ್ಲ, ಆಯಾ ವಿಷಯವನ್ನು ಕಲಿಸುವುದಕ್ಕೇ ವಿಶಿಷ್ಟವಾದ ಜ್ಞಾನವೊಂದಿದೆ ಎಂದು ಶಿಕ್ಷಣ ಮನೋವಿಜ್ಞಾನಿ ಲೀ ಶುಲ್‌ಮನ್ 1986ರಲ್ಲಿ ಪ್ರತಿಪಾದಿಸಿದರು. ಶಿಕ್ಷಣ ಸಂಶೋಧಕರಾದ ಪುನ್ಯ ಮಿಶ್ರ ಮತ್ತು ಮ್ಯಾಥ್ಯೂ ಕೋಹ್ಲರ್ 2006ರಲ್ಲಿ ಅದಕ್ಕೆ ತಂತ್ರಜ್ಞಾನದ ಜ್ಞಾನವನ್ನು ಸೇರಿಸಿ, ವಿಷಯ, ಬೋಧನೆ, ತಂತ್ರಜ್ಞಾನ ಈ ಮೂರೂ ಕೂಡುವ ಜಾಗದಲ್ಲಿ ಶಿಕ್ಷಕರ ನಿಜವಾದ ಪರಿಣತಿ ಇದೆ ಎಂದರು. ಮೇಲಿನ ಪಾಠದಲ್ಲಿ ಪ್ರವಾಹದ ಬಗೆಗಿನ ತಿಳಿವಳಿಕೆ ವಿಷಯಜ್ಞಾನ, ಮಕ್ಕಳ ತಪ್ಪು ಕಲ್ಪನೆಯನ್ನು ಮುಂದಾಗಿ ಅರಿತಿರುವುದು ಮತ್ತು ಊಹೆಯನ್ನು ಮೊದಲು ಬರೆಸುವುದು ಬೋಧನಾಜ್ಞಾನ, ಈ ಊಹೆಗೆ ಈ ಸಿಮ್ಯುಲೇಶನ್ನೇ ತಕ್ಕದ್ದು ಎಂಬ ನಿರ್ಧಾರ ಮೂರರ ಕೂಡುಜಾಗ. ಹೀಗೆ ಸ್ವಂತ ಪಾಠದ ಮೇಲಿಟ್ಟು ತೋರಿಸಿದಾಗ ಸಿದ್ಧಾಂತ ಅರ್ಥವಾಗಿದೆಯೆಂಬುದು ಓದುವವರಿಗೆ ತಿಳಿಯುತ್ತದೆ, ವ್ಯಾಖ್ಯೆಯನ್ನು ನಕಲು ಮಾಡಿದಾಗ ತಿಳಿಯುವುದಿಲ್ಲ.

ಕಲಿಕೆಯನ್ನು ತರುವುದು ವಿಡಿಯೊ, ಕಂಪ್ಯೂಟರ್‌ನಂಥ ಮಾಧ್ಯಮವಲ್ಲ, ಬೋಧನಾ ವಿಧಾನ ಎಂದು ಶಿಕ್ಷಣ ಸಂಶೋಧಕ ರಿಚರ್ಡ್ ಕ್ಲಾರ್ಕ್ 1983ರಲ್ಲಿ ವಾದಿಸಿದ್ದರು. ಒಂದೊಂದು ಮಾಧ್ಯಮಕ್ಕೂ ತನ್ನದೇ ಆದ ಸಾಮರ್ಥ್ಯವಿದೆ, ಅದನ್ನು ಕಡೆಗಣಿಸಬಾರದು ಎಂದು ಇನ್ನೊಬ್ಬ ಸಂಶೋಧಕ ರಾಬರ್ಟ್ ಕೋಜ್ಮಾ 1990ರ ದಶಕದಲ್ಲಿ ಉತ್ತರಿಸಿದರು. ನನ್ನ ಒಲವು ಹೆಚ್ಚಾಗಿ ಕ್ಲಾರ್ಕ್ ಅವರ ಕಡೆಗೇ, ಆದರೂ ಕಣ್ಣಿಗೆ ಕಾಣದ ಎಲೆಕ್ಟ್ರಾನನ್ನು ಚಲಿಸುವಂತೆ ತೋರಿಸುವುದು ಸೀಮೆಸುಣ್ಣಕ್ಕೆ ಸಾಧ್ಯವಿಲ್ಲ ಎಂಬುದನ್ನು ಒಪ್ಪಲೇಬೇಕು. ನಿಮ್ಮ ಬರಹದಲ್ಲಿಯೂ ಹೀಗೆ ಒಂದು ನಿಲುವು ಇರಲಿ.

ಕೋರ್ಸಿನಲ್ಲಿ ನೀವೇ ಪಾಠದ ವಿಡಿಯೊ ಮಾಡಿದ್ದರೆ, ಅದನ್ನು ಮನೋವಿಜ್ಞಾನಿ ರಿಚರ್ಡ್ ಮೇಯರ್ ಮಾತು ಮತ್ತು ಚಿತ್ರಗಳಿಂದಾಗುವ ಕಲಿಕೆಯ ಬಗ್ಗೆ ರೂಪಿಸಿದ ತತ್ತ್ವಗಳ ಬೆಳಕಿನಲ್ಲಿ ಮತ್ತೊಮ್ಮೆ ನೋಡಿ, ಏನನ್ನು ತೆಗೆಯಬಹುದೆಂದು ಬರೆಯಿರಿ. ವಿಷಯಕ್ಕೆ ಸಂಬಂಧಿಸದ ಸಂಗೀತ ಮತ್ತು ಅಲಂಕಾರ ಕಲಿಕೆಗೆ ಅಡ್ಡಿಯಾಗುತ್ತವೆ; ದೀರ್ಘ ವಿಡಿಯೊಗಿಂತ, ಕಲಿಯುವವರೇ ಮುಂದುವರಿಸಿಕೊಳ್ಳಬಹುದಾದ ತುಂಡುಗಳು ಮೇಲು; ಚಿತ್ರದ ಜೊತೆಗೆ ಹೇಳುತ್ತಿರುವ ಮಾತನ್ನೇ ಪರದೆಯಲ್ಲಿಯೂ ಪೂರ್ತಿಯಾಗಿ ಬರೆದರೆ ಗಮನ ಹಂಚಿಹೋಗುತ್ತದೆ. ಕೊನೆಯದನ್ನು ಕಣ್ಣುಮುಚ್ಚಿ ಪಾಲಿಸಬಾರದು, ಏಕೆಂದರೆ ಕಿವಿ ಕೇಳಿಸದ ವಿದ್ಯಾರ್ಥಿಗೆ ಉಪಶೀರ್ಷಿಕೆಯೇ ಪಾಠ. ಬೇಕಾದವರು ತೋರಿಸಿಕೊಳ್ಳುವಂತೆ, ಬೇಡವಾದವರು ಮರೆಮಾಡುವಂತೆ ಅದನ್ನು ಪ್ರತ್ಯೇಕ ಕಡತವಾಗಿ ಸೇರಿಸುವುದು ಸರಿಯಾದ ದಾರಿ.

ಬೇರೆಯವರ ಸಾಮಗ್ರಿಯನ್ನು ಬಳಸಿದ್ದರೆ ಅದರ ಪರವಾನಗಿಯನ್ನು ನಮೂದಿಸಿ. ತಮ್ಮ ಕೃತಿಯನ್ನು ಇತರರು ಬಳಸಲು ಕರ್ತೃಗಳು ಮೊದಲೇ ಅನುಮತಿ ಕೊಡುವ ಕ್ರಿಯೇಟಿವ್ ಕಾಮನ್ಸ್ ಪರವಾನಗಿಗಳೆಲ್ಲ ಒಂದೇ ಅಲ್ಲ, ಕೆಲವು ಮಾರ್ಪಡಿಸಿ ಹಂಚುವುದನ್ನು ಒಪ್ಪುವುದಿಲ್ಲ. ಆ್ಯಪ್‌ನಲ್ಲಿ ಮಕ್ಕಳ ಹೆಸರು, ಫೋಟೊ, ದೂರವಾಣಿ ಸಂಖ್ಯೆ ಕೊಡದೆಯೇ ಕೆಲಸ ನಡೆಯುತ್ತದೆಯೇ ಎಂದು ಪರೀಕ್ಷಿಸಿ. ಇಂಟರ್ನೆಟ್ ಕೈಕೊಟ್ಟರೆ ಏನು ಮಾಡುವಿರಿ ಎಂಬುದೂ ಯೋಜನೆಯಲ್ಲಿರಲಿ. ಫೆಟ್ ಸಿಮ್ಯುಲೇಶನ್‌ಗಳನ್ನು ಡೌನ್‌ಲೋಡ್ ಮಾಡಿಟ್ಟುಕೊಂಡು ಸಂಪರ್ಕವಿಲ್ಲದೆಯೂ ಬಳಸಬಹುದು.

ಪಾಠ ಫಲಿಸಿತೆಂಬುದಕ್ಕೆ ಯಾವುದನ್ನು ಸಾಕ್ಷ್ಯವೆಂದು ಒಪ್ಪುವಿರಿ ಎಂಬುದನ್ನು ಪಾಠ ಮಾಡುವ ಮೊದಲೇ ಬರೆದಿಡುವುದು ಅತ್ಯಂತ ಮುಖ್ಯ. 'ಮಕ್ಕಳು ಉತ್ಸಾಹದಿಂದ ಭಾಗವಹಿಸಿದರು' ಎಂಬುದು ಸಂತೋಷದ ಸಂಗತಿ, ಆದರೆ ಅದು ಕಲಿಕೆಯ ಸಾಕ್ಷ್ಯವಲ್ಲ. ಪಾಠಕ್ಕೆ ಮೊದಲು ಕೇಳಿದ ಪ್ರಶ್ನೆಯ ತಿರುಳನ್ನೇ ಹೊಸ ಸನ್ನಿವೇಶದಲ್ಲಿಟ್ಟು, ಎರಡು ಬಲ್ಬುಗಳಿರುವ ಮಂಡಲದಲ್ಲಿ ಪ್ರವಾಹ ಎಲ್ಲಿ ಎಷ್ಟಿರುತ್ತದೆ ಎಂಬಂತೆ, ಕೆಲವು ವಾರಗಳ ನಂತರ ಮತ್ತೆ ಕೇಳಿ. ಉತ್ತರದ ಜೊತೆಗೆ ಕಾರಣವನ್ನೂ ಬರೆಸಿ, ಏಕೆಂದರೆ ತಪ್ಪು ಕಲ್ಪನೆ ಅಡಗಿರುವುದು ಕಾರಣದಲ್ಲಿ. ಈ ಎರಡು ಉತ್ತರಗಳನ್ನು ಅಕ್ಕಪಕ್ಕದಲ್ಲಿಟ್ಟು ಓದಿ, ಯಾರ ವಿವರಣೆ ಬದಲಾಗಿದೆ, ಯಾರದು ಬದಲಾಗಿಲ್ಲ, ಬದಲಾಗದವರು ಪಾಠದ ಯಾವ ಹಂತದಲ್ಲಿ ಹಿಂದುಳಿದರು ಎಂಬುದನ್ನು ಅದೇ ಬರಹದ ಮುಂದುವರಿಕೆಯಾಗಿ ಸೇರಿಸಿ. ಅಸೈನ್‌ಮೆಂಟ್ ಸಲ್ಲಿಸುವ ದಿನಕ್ಕೆ ಈ ಭಾಗ ಸಿದ್ಧವಾಗಿರುವುದಿಲ್ಲ, ಆದ್ದರಿಂದ ಸಲ್ಲಿಸಿದ ಬರಹದ ಒಂದು ಪ್ರತಿಯನ್ನು ಆ ಪಾಠದ ಯೋಜನೆಯ ಜೊತೆಯಲ್ಲೇ ಇಟ್ಟುಕೊಳ್ಳಿ.