ಮನೆಯಲ್ಲೇ ದಾಡಿ: ನೀರು, ನೊರೆ, ರೇಜರ್

ಗದಗ-ಬೆಟಗೇರಿ ಕಡೆ ಮನೆಯಲ್ಲೇ ದಾಡಿ ಮಾಡಿಕೊಳ್ಳುವವರು ರೇಜರ್ ತರುವ ಮೊದಲು ನೀರಿನ ಕಡೆ ನೋಡಬೇಕು. ಬೋರ್ ನೀರು ಗಡಸು. ಅದರಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನ ಜೊತೆ ಸೇರಿ ಬಿಳಿ ಜಿಡ್ಡಾಗುತ್ತವೆ, ನೊರೆ ಸರಿಯಾಗಿ ಏಳುವುದಿಲ್ಲ. ನೊರೆ ಇಲ್ಲದ ಗಲ್ಲದ ಮೇಲೆ ಎಂಥ ದುಬಾರಿ ಬ್ಲೇಡೂ ಉರಿ ತರುತ್ತದೆ. ಅದಕ್ಕೇ ತುಂಗಭದ್ರೆಯ ನಳದ ನೀರು ಬಂದಾಗ ದಾಡಿಗೆ ಅಂತಲೇ ನಾನು ಒಂದು ಕ್ಯಾನ್ ತುಂಬಿಡುತ್ತೇನೆ.

ಈಗಷ್ಟೇ ಮೀಸೆ ಚಿಗುರಿದ ನನ್ನ ಅಣ್ಣನ ಮಗನಿಗೆ ಹೇಳಿಕೊಟ್ಟದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಅವನಿಗೆ ಕೊಡಿಸಿದ್ದು ಎರಡು ಅಂಚಿನ ಬ್ಲೇಡ್ ಹಾಕುವ ಸ್ಟೀಲ್ ರೇಜರ್. 1904ರಲ್ಲಿ ಅಮೆರಿಕದ ಕಿಂಗ್ ಕ್ಯಾಂಪ್ ಜಿಲೆಟ್ ಪೇಟೆಂಟ್ ಪಡೆದ ರೂಪ ಇವತ್ತಿಗೂ ಹೆಚ್ಚುಕಡಿಮೆ ಹಾಗೇ ಇದೆ.

ಸ್ನಾನ ಆದ ಮೇಲೆ ದಾಡಿಗೆ ಕೂಡಿ. ಇಲ್ಲವೇ ಬಿಸಿನೀರಲ್ಲಿ ಹಿಂಡಿದ ಟವೆಲನ್ನು ಎರಡು-ಮೂರು ನಿಮಿಷ ಗಲ್ಲಕ್ಕೆ ಒತ್ತಿಡಿ. ನೀರು ಹೀರಿದ ಕೂದಲು ಮೆತ್ತಗಾಗುತ್ತದೆ. ಇದನ್ನು ಮಾತ್ರ ಬಿಡಬೇಡಿ.

ಬ್ಲೇಡನ್ನು ಹರಿತವಿಲ್ಲದ ತುದಿಗಳಲ್ಲಿ ಹಿಡಿದು ಕೂಡಿಸಿ. ಹಿಡಿಕೆ ತಿರುಗಿಸಿದಂತೆ ಬ್ಲೇಡ್ ಮೇಲಿನ ಮುಚ್ಚಳದ ಡೊಂಕಿಗೆ ತಕ್ಕಂತೆ ಬಾಗುತ್ತದೆ. ಹಾಗೆ ಬಾಗಿದರೇ ಆ ತೆಳು ತಗಡು ಅಲುಗಾಡದೆ ನಿಲ್ಲುವುದು. ಎರಡೂ ಕಡೆ ಅಂಚು ಸಮ ಇಣುಕುತ್ತಿದೆಯಾ ಅಂತ ಬೆಳಕಿಗೆ ಹಿಡಿದು ನೋಡಿ.

ಈಗ ಕೋನ. ಮುಚ್ಚಳವನ್ನು ಗಲ್ಲಕ್ಕೆ ತಾಗಿಸಿ, ಹಿಡಿಕೆಯನ್ನು ನಿಧಾನ ಕೆಳಗಿಳಿಸುತ್ತಾ ಬನ್ನಿ. ಸುಮಾರು 30 ಡಿಗ್ರಿಗೆ ಬ್ಲೇಡ್ ಕೂದಲು ಹಿಡಿಯುತ್ತದೆ, ಕರಕರ ಸದ್ದು ಕೇಳಿಸುತ್ತದೆ. ಅಲ್ಲಿಗೇ ನಿಲ್ಲಿಸಿ. ಒತ್ತಬೇಡಿ, ರೇಜರಿನ ಭಾರವೇ ಸಾಕು. ಇನ್ನೊಂದು ಕೈಯಿಂದ ಚರ್ಮ ಎಳೆದು ಹಿಡಿದು, ಗೇಣುದ್ದ ಎಳೆಯದೆ ಚಿಕ್ಕ ಚಿಕ್ಕದಾಗಿ ಎಳೆಯಿರಿ. ಕೂದಲು ಬೆಳೆದ ದಿಕ್ಕಿಗೇ ಹೋಗಬೇಕು. ಕುತ್ತಿಗೆಯಲ್ಲಿ ಅದು ಅಡ್ಡಡ್ಡ, ಕೆಲವರಿಗೆ ಮೇಲ್ಮುಖ ಇರುತ್ತದೆ. ಒಣಗಿದ್ದಾಗಲೇ ಬೆರಳಾಡಿಸಿ ತಿಳಿದುಕೊಳ್ಳಿ.

ಆಮೇಲೆ ತಣ್ಣೀರು, ಅದರ ಮೇಲೆ ಪಟಕ. ಸಣ್ಣ ಗೀರುಗಳ ರಕ್ತ ನಿಲ್ಲುತ್ತದೆ.

ಬ್ಲೇಡ್ ಕೂದಲನ್ನು ಜಗ್ಗತೊಡಗಿದರೆ ಬದಲಿಸಿ, ಇನ್ನೊಂದು ಸಲ ಅನ್ನಬೇಡಿ. ಬ್ಲೇಡಿನ ಉಕ್ಕು ಕೂದಲಿಗಿಂತ ಸುಮಾರು 50 ಪಟ್ಟು ಗಟ್ಟಿ. ಆದರೂ ಬಾಗಿದ ಕೂದಲು ಓರೆಯಾಗಿ ತಾಗಿದರೆ ಅಂಚಿನಿಂದ ಚಕ್ಕೆ ಎದ್ದುಬಿಡಬಹುದು ಅಂತ 2020ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸಂಶೋಧಕರು ತೋರಿಸಿದ್ದಾರೆ.

ಒಬ್ಬರ ರೇಜರ್ ಇನ್ನೊಬ್ಬರು ಬಳಸಲೇಬಾರದು, ಅಣ್ಣ-ತಮ್ಮ ಆದರೂ ಅಷ್ಟೇ. ಲಿವರಿಗೆ ತಗಲುವ ಹೆಪಟೈಟಿಸ್ ಬಿ ಸೋಂಕು ರಕ್ತದ ಒಂದು ಹನಿಯಿಂದಲೂ ಹರಡುತ್ತದೆ. ಕಟಿಂಗ್ ಶಾಪಿಗೆ ಹೋದಾಗಲೂ ಹೊಸ ಬ್ಲೇಡನ್ನು ಕಣ್ಣೆದುರೇ ಹಾಕಿಸಿಕೊಳ್ಳಿ. ಕೇಳಲು ಸಂಕೋಚ ಯಾಕೆ?

ಹಳೆ ಬ್ಲೇಡನ್ನು ಹಾಗೇ ಕಸಕ್ಕೆ ಎಸೆಯಬೇಡಿ. ಕಸದ ಗಾಡಿಯವರು ಕೈಯಿಂದಲೇ ಕಸ ಬೇರೆ ಮಾಡುತ್ತಾರೆ, ಅಲ್ವಾ? ಖಾಲಿ ತಗಡಿನ ಡಬ್ಬಿಯ ಮುಚ್ಚಳದಲ್ಲಿ ಸೀಳು ಮಾಡಿ, ಅದರಲ್ಲಿ ಹಾಕುತ್ತಾ ಹೋಗಿ. ತುಂಬಿದಾಗ ಟೇಪ್ ಸುತ್ತಿ, ಒಳಗೆ ಬ್ಲೇಡ್ ಇದೆ ಅಂತ ಹೇಳಿ ಅವರ ಕೈಗೆ ಕೊಡಿ.