ಹೆಸರಿಲ್ಲದ ಫೋಟೋಗಳಿಗೆ ಹೆಸರು ಸಿಕ್ಕಿದ್ದು

ನಾನು ಅಮೆರಿಕದ ಒಹಾಯೊ ರಾಜ್ಯದ ಒಂದು ಸರ್ಕಾರಿ ವಿಶ್ವವಿದ್ಯಾಲಯದ ಲೈಬ್ರರಿಯಲ್ಲಿ ಕೆಲಸ ಮಾಡುತ್ತೇನೆ. ಹಳೆಯ ದಾಖಲೆಗಳ ವಿಭಾಗ ನನ್ನದು, ಇಲ್ಲಿ ಆರ್ಕೈವ್ಸ್ ಅನ್ನುತ್ತಾರೆ. ಕೆಲವು ವರ್ಷಗಳಿಂದ ಇಲ್ಲಿನ ಬ್ಲ್ಯಾಕ್ ವಿದ್ಯಾರ್ಥಿ ಸಂಘದ ಜೊತೆ ಸೇರಿ ಒಂದಿಷ್ಟು ಕೆಲಸ ಮಾಡಿದ್ದೇನೆ. ಅಮೆರಿಕದ ಕಾಲೇಜುಗಳಲ್ಲಿ ಓದುವ, ಕಲಿಸುವ, ಕಚೇರಿ ನಡೆಸುವ ಕನ್ನಡಿಗರು ಎಷ್ಟೊಂದು ಜನ ಇದ್ದಾರೆ. ಇಲ್ಲಿ ಫೆಬ್ರವರಿ ಅಂದರೆ ಕಪ್ಪು ಜನರ ಇತಿಹಾಸದ ತಿಂಗಳು, ಬ್ಲ್ಯಾಕ್ ಹಿಸ್ಟರಿ ಮಂತ್. ಅವರಲ್ಲಿ ಕೆಲವರು ಪ್ರತಿ ವರ್ಷ ಜನವರಿ ಕೊನೆಗೆ ಕೇಳುತ್ತಾರೆ: ‘ಫೆಬ್ರವರಿ ಬಂತಲ್ಲ, ನಾವೂ ಏನಾದರೂ ಮಾಡಬೇಕು, ಎಲ್ಲಿಂದ ಶುರು ಮಾಡೋದು?’ ನನ್ನ ಉತ್ತರ ಯಾವಾಗಲೂ ಒಂದೇ. ಅಕ್ಟೋಬರ್‌ನಲ್ಲೇ ಶುರು ಮಾಡಬೇಕಿತ್ತು.

ಫೆಬ್ರವರಿ ಯಾಕೆ ಅಂತ ಮೊದಲು ಹೇಳಿಬಿಡುತ್ತೇನೆ. ಕಾರ್ಟರ್ ವುಡ್ಸನ್ ಎಂಬ ಇತಿಹಾಸಕಾರ 1926ರಲ್ಲಿ ಕಪ್ಪು ಜನರ ಇತಿಹಾಸಕ್ಕೆಂದು ಒಂದು ವಾರ ಮೀಸಲಿಟ್ಟರು. ಅವರ ತಂದೆ ತಾಯಿ ಇಬ್ಬರೂ ಒಂದು ಕಾಲದಲ್ಲಿ ಗುಲಾಮರಾಗಿದ್ದವರು. ಲಿಂಕನ್ ಹುಟ್ಟಿದ ದಿನ ಫೆಬ್ರವರಿ 12, ಗುಲಾಮಗಿರಿಯಿಂದ ತಪ್ಪಿಸಿಕೊಂಡು ಅದರ ವಿರುದ್ಧ ಹೋರಾಡಿದ ಫ್ರೆಡರಿಕ್ ಡಗ್ಲಸ್ ಅವರ ಹುಟ್ಟುಹಬ್ಬ ಆಚರಿಸುತ್ತಿದ್ದದ್ದು ಫೆಬ್ರವರಿ 14. ಎರಡೂ ಬರುವ ವಾರವನ್ನೇ ಆರಿಸಿಕೊಂಡರು. ಆ ವಾರವನ್ನು ಒಂದು ತಿಂಗಳಾಗಿ ಬೆಳೆಸಿದವರಲ್ಲಿ ನಮ್ಮ ಒಹಾಯೊದ ಕೆಂಟ್ ಸ್ಟೇಟ್ ವಿಶ್ವವಿದ್ಯಾಲಯದವರು ಮುಂದೆ ಇದ್ದರು. ಅಲ್ಲಿನ ಬ್ಲ್ಯಾಕ್ ವಿದ್ಯಾರ್ಥಿಗಳು, ಅಧ್ಯಾಪಕರು 1969ರಲ್ಲಿ ಈ ಮಾತು ಎತ್ತಿದರು, 1970ರಲ್ಲಿ ಆಚರಿಸಿಯೂ ಬಿಟ್ಟರು. ಅಧ್ಯಕ್ಷ ಫೋರ್ಡ್ ಅದನ್ನು ಗುರುತಿಸಿ ಮಾತಾಡಿದ್ದು 1976ರಲ್ಲಿ. ಅಂದರೆ ಇದು ಮೇಲಿಂದ ಇಳಿದ ಸುತ್ತೋಲೆ ಅಲ್ಲ. ಹುಡುಗರು ಹುಡುಗಿಯರು ತಾವೇ ಕಟ್ಟಿದ್ದು. ಪೋಸ್ಟರ್ ಅಂಟಿಸುವ ಮುಂಚೆ ಅಷ್ಟಾದರೂ ಗೊತ್ತಿರಬೇಕು.

ನನ್ನ ಕೆಲಸ ಶುರುವಾದದ್ದು ಪೆಟ್ಟಿಗೆಗಳಿಂದ. ನಮ್ಮಲ್ಲಿ 1968ರಿಂದ 1972ರವರೆಗಿನ ವಿದ್ಯಾರ್ಥಿ ಪತ್ರಿಕೆಯ ಫೋಟೋಗಳು, ನೆಗೆಟಿವ್‌ಗಳು ಇವೆ. ಒಂದು ಚಿತ್ರದಲ್ಲಿ ಆಡಳಿತ ಕಟ್ಟಡದ ಮೆಟ್ಟಿಲ ಮೇಲೆ ಬ್ಲ್ಯಾಕ್ ವಿದ್ಯಾರ್ಥಿಗಳು ಸಾಲಾಗಿ ಕೂತಿದ್ದಾರೆ. ಹಿಂದಿನ ಸಾಲಿನ ಹುಡುಗಿಯ ಮಡಿಲಲ್ಲಿ ತೆರೆದ ಪಠ್ಯಪುಸ್ತಕ, ಕೈಯಲ್ಲಿ ಪೆನ್ನು. ಧರಣಿ ಕೂತಲ್ಲೇ ಪರೀಕ್ಷೆಗೆ ಓದುತ್ತಿದ್ದಾಳೆ. ಫೋಟೋ ಹಿಂದೆ ಬರೆದಿರುವುದು ‘ಪ್ರತಿಭಟನೆ ಮಾಡುತ್ತಿರುವ ವಿದ್ಯಾರ್ಥಿಗಳು’, ಅಷ್ಟೇ. ಅದೇ ಪೆಟ್ಟಿಗೆಯಲ್ಲಿ ಬಿಳಿಯರೇ ತುಂಬಿದ್ದ ಟೆನಿಸ್ ತಂಡದ ಚಿತ್ರ ಇದೆ. ಅದರ ಹಿಂದೆ ಎಡದಿಂದ ಬಲಕ್ಕೆ ಪ್ರತಿಯೊಬ್ಬರ ಹೆಸರು, ಊರು, ಓದುತ್ತಿದ್ದ ವಿಷಯ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಬೇರೆ ಭಾಷಣ ಬೇಕಾಗಿಲ್ಲ.

ಮೆಟ್ಟಿಲ ಮೇಲೆ ಕೂತಿದ್ದವರು ಬೇಡಿದ್ದಾದರೂ ಏನು? ತಮ್ಮ ಇತಿಹಾಸ ಕಲಿಸುವ ತರಗತಿ, ತಮ್ಮವರಾದ ಕೆಲವು ಅಧ್ಯಾಪಕರು, ಸೇರಲು ಒಂದು ಕೋಣೆ. ದೇಶದ ತುಂಬ ಆಗ ಇದೇ ಬೇಡಿಕೆ. ಸ್ಯಾನ್ ಫ್ರಾನ್ಸಿಸ್ಕೋ ಸ್ಟೇಟ್ ಕಾಲೇಜಿನಲ್ಲಿ 1968ರ ನವೆಂಬರ್‌ನಲ್ಲಿ ಬ್ಲ್ಯಾಕ್ ವಿದ್ಯಾರ್ಥಿ ಸಂಘ ಮುಂದೆ ನಿಂತು ಶುರು ಮಾಡಿದ ಮುಷ್ಕರ ಮಾರ್ಚ್‌ವರೆಗೂ ನಡೆಯಿತು. ಕೊನೆಗೆ ಅಲ್ಲಿ ಜನಾಂಗೀಯ ಅಧ್ಯಯನಕ್ಕೆಂದೇ ಒಂದು ಕಾಲೇಜು ಹುಟ್ಟಿತು. ಇವತ್ತು ನಮ್ಮ ಮಕ್ಕಳು ಅಮೆರಿಕದಲ್ಲಿ ದಕ್ಷಿಣ ಏಷ್ಯಾದ ವಲಸೆಯ ಬಗ್ಗೆ ಒಂದು ತರಗತಿ ತೆಗೆದುಕೊಳ್ಳಬಹುದಾದರೆ ಆ ಮುಷ್ಕರದ ಋಣ ಅದರಲ್ಲಿದೆ.

ಹೆಸರು ಹುಡುಕುವುದು ಹೇಗೆ? ನಾನು ಮಾಡಿದ್ದನ್ನು ಹೇಳುತ್ತೇನೆ. ಫೋಟೋಗಳನ್ನು ಚೆನ್ನಾಗಿ ಸ್ಕ್ಯಾನ್ ಮಾಡಿ ಟೇಬಲ್ ತುಂಬುವಷ್ಟು ದೊಡ್ಡದಾಗಿ ಪ್ರಿಂಟ್ ಹಾಕಿಸಿದೆ. ಪ್ರತಿಯೊಂದರ ಮೇಲೂ ಟ್ರೇಸಿಂಗ್ ಪೇಪರ್ ಹಾಸಿದೆ. ಪಕ್ಕದಲ್ಲಿ ಪೆನ್ಸಿಲ್ ಇಟ್ಟೆ. ಗುರುತು ಸಿಕ್ಕವರು ಆ ಮುಖದ ಮೇಲೇ ಹೆಸರು ಬರೆಯಬಹುದು, ಚಿತ್ರ ಹಾಳಾಗುವುದಿಲ್ಲ. ಇದನ್ನು ಲೈಬ್ರರಿಯಲ್ಲಿ ಇಡಲಿಲ್ಲ. ಲೈಬ್ರರಿ ಅಂದರೆ ಗುರುತಿನ ಚೀಟಿ ತೋರಿಸು, ಸಹಿ ಹಾಕು, ಬ್ಯಾಗ್ ಲಾಕರ್‌ನಲ್ಲಿಡು. ವಯಸ್ಸಾದವರಿಗೆ ಅದೆಲ್ಲ ಯಾಕೆ? ಅಕ್ಟೋಬರ್‌ನಲ್ಲಿ ಹೋಮ್‌ಕಮಿಂಗ್ ವಾರಾಂತ್ಯಕ್ಕೆ ಹಳೆ ವಿದ್ಯಾರ್ಥಿಗಳು ಊರಿಗೆ ಬರುತ್ತಾರೆ. ಬ್ಲ್ಯಾಕ್ ಹಳೆ ವಿದ್ಯಾರ್ಥಿಗಳು ಭಾನುವಾರ ಊಟಕ್ಕೆ ಸೇರುವುದು ಊರಿನ ಆಫ್ರಿಕನ್ ಮೆಥಡಿಸ್ಟ್ ಚರ್ಚಿನ ಹಾಲ್‌ನಲ್ಲಿ. ಟೇಬಲ್ ಅಲ್ಲಿಗೇ ಹೊತ್ತುಕೊಂಡು ಹೋದೆವು.

ಊಟದ ತಟ್ಟೆ ಕೈಯಲ್ಲಿ ಹಿಡಿದೇ ಜನ ಬಂದು ನಿಂತರು. ಒಬ್ಬ ಅಜ್ಜಿ ಕನ್ನಡಕ ಬದಲಾಯಿಸಿಕೊಂಡು ಬಗ್ಗಿ ನೋಡಿದರು. ‘ಪುಸ್ತಕ ಹಿಡಿದವಳು ನನ್ನ ರೂಮ್‌ಮೇಟ್. ಕೆಮಿಸ್ಟ್ರಿ ಪರೀಕ್ಷೆ ಇತ್ತು ಮಾರನೇ ದಿನ’ ಎಂದರು. ಆಮೇಲೆ ಬೆರಳು ಬಲತುದಿಗೆ ಹೋಯಿತು. ‘ಈ ಉದ್ದದವನು ನನ್ನ ಗಂಡ. ಆಗಿನ್ನೂ ಪರಿಚಯ ಇರಲಿಲ್ಲ.’ ಅವರ ಮೊಮ್ಮಗ ನಮ್ಮಲ್ಲೇ ಎರಡನೇ ವರ್ಷ ಇಂಜಿನಿಯರಿಂಗ್ ಓದುತ್ತಿದ್ದಾನೆ. ಪಕ್ಕದಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದ. ಅಜ್ಜಿ ಧರಣಿ ಕೂತಿದ್ದರು ಅಂತ ಅವನಿಗೆ ಗೊತ್ತೇ ಇರಲಿಲ್ಲ.

ನಾವು ಇಟ್ಟುಕೊಂಡ ನಿಯಮ ಸರಳ. ಒಬ್ಬರು ಹೇಳಿದ ಹೆಸರನ್ನು ಇನ್ನೊಬ್ಬರು ತಾವಾಗಿಯೇ ಹೇಳಿದರೆ ದಾಖಲೆಗೆ ಸೇರಿಸುತ್ತೇವೆ. ಒಬ್ಬರೇ ಹೇಳಿದ್ದರೆ ಪ್ರಶ್ನಾರ್ಥಕ ಚಿಹ್ನೆ ಜೊತೆಗೆ. ಬದುಕಿರುವವರ ಹೆಸರು ಹಾಕುವ ಮುಂಚೆ ಅವರನ್ನೇ ಕೇಳುತ್ತೇವೆ. ‘ಬೇಡ’ ಅಂದವರೂ ಇದ್ದಾರೆ. ಆ ಕಾಲದಲ್ಲಿ ಅಮಾನತಾಗಿ ಓದು ಅರ್ಧಕ್ಕೆ ಬಿಟ್ಟವರಿಗೆ ಅದು ಮೆರೆಯುವ ನೆನಪಲ್ಲ. ಅವರ ಮಾತಿಗೆ ಎದುರು ಮಾತಿಲ್ಲ. ಹೆಸರು ಸಿಕ್ಕ ಫೋಟೋದ ಒಳ್ಳೆಯ ಪ್ರತಿಯನ್ನು ಫ್ರೇಮ್ ಹಾಕಿಸಿ ಮನೆಯವರಿಗೆ ಕೊಡುತ್ತೇವೆ, ದುಡ್ಡು ತೆಗೆದುಕೊಳ್ಳುವುದಿಲ್ಲ.

ಮೇ ತಿಂಗಳಲ್ಲಿ ಇನ್ನೊಂದು ಪ್ರದರ್ಶನ ಇಟ್ಟೆವು. 1970ರ ಮೇ 4ರಂದು ಕೆಂಟ್ ಸ್ಟೇಟ್‌ನಲ್ಲಿ ನ್ಯಾಷನಲ್ ಗಾರ್ಡ್ ಎಂಬ ಮೀಸಲು ಸೇನೆ ಗುಂಡು ಹಾರಿಸಿ ನಾಲ್ಕು ವಿದ್ಯಾರ್ಥಿಗಳು ಸತ್ತದ್ದು ಒಹಾಯೊದಲ್ಲಿ ಎಲ್ಲರಿಗೂ ಗೊತ್ತು. ಅದೇ ಮೇ 14ರ ನಡುರಾತ್ರಿ ಕಳೆದು 15 ಶುರುವಾದ ಮೇಲೆ ಮಿಸಿಸಿಪಿಯ ಜಾಕ್ಸನ್ ಸ್ಟೇಟ್ ಕಾಲೇಜಿನಲ್ಲಿ ಪೊಲೀಸರು ಹೆಣ್ಣುಮಕ್ಕಳ ಹಾಸ್ಟೆಲ್ ಕಡೆಗೆ ಗುಂಡಿನ ಮಳೆ ಸುರಿಸಿದರು. ಫಿಲಿಪ್ ಗಿಬ್ಸ್, ಜೇಮ್ಸ್ ಅರ್ಲ್ ಗ್ರೀನ್ ಸತ್ತರು. ಗಿಬ್ಸ್ ಅಲ್ಲಿನ ವಿದ್ಯಾರ್ಥಿ. ಗ್ರೀನ್ ಇನ್ನೂ ಹೈಸ್ಕೂಲ್ ಹುಡುಗ, ಕೆಲಸ ಮುಗಿಸಿ ಮನೆಗೆ ಹೊರಟಿದ್ದ. ಅದು ಕಪ್ಪು ಜನರ ಕಾಲೇಜು, ಅದಕ್ಕೇ ಪತ್ರಿಕೆಗಳು ಬೇಗ ಮರೆತವು ಅಂತ ನಾನು ನಂಬಿದ್ದೇನೆ. ಎರಡೂ ಸುದ್ದಿಗಳನ್ನು ಒಂದೇ ಗೋಡೆಯ ಮೇಲೆ ಒಂದೇ ಅಳತೆಯಲ್ಲಿ ಹಾಕಿದೆವು.

ಇನ್ನು ದಿನನಿತ್ಯದ ಕೆಲಸ. ಸಂಭ್ರಮ ಒಂದು ಸಂಜೆಯದು, ಬೆಂಬಲ ವರ್ಷವಿಡೀ ಬೇಕು. ಮದುವೆ ಮನೆಯಲ್ಲಿ ಪಕ್ಕದ ಮನೆಯವರು ಪಂಚೆ ಎತ್ತಿ ಕಟ್ಟಿ ಬಡಿಸಲು ನಿಲ್ಲುತ್ತಾರಲ್ಲ, ನಮ್ಮಂಥವರ ಜಾಗ ಅದು ಅಂತ ನನ್ನ ಭಾವನೆ. ಏನು ಮಾಡಬೇಕು, ಯಾರು ಮಾತಾಡಬೇಕು ಅನ್ನುವುದು ವಿದ್ಯಾರ್ಥಿಗಳ ತೀರ್ಮಾನ. ಹಾಲ್ ಬುಕ್ ಮಾಡೋದು, ಅನುದಾನದ ಅರ್ಜಿ ಕೊನೆ ದಿನಕ್ಕೆ ಮುಂಚೆ ತುಂಬೋದು, ರಸೀದಿ ಕೂಡಿಡೋದು ನನ್ನದು. ಈ ಕಾಗದದ ಕೆಲಸವನ್ನೂ ಅವರ ಮೇಲೇ ಹೇರಿದರೆ ಓದುವುದು ಯಾವಾಗ? ಹಾಗೆಯೇ ಮಾತಾಡಲು ಬಂದವರಿಗೆ, ಹಾಡಿದವರಿಗೆ, ಫೋಟೋ ಕೆಲಸಕ್ಕೆ ಬಂದ ವಿದ್ಯಾರ್ಥಿಗಳಿಗೆ ಸಂಭಾವನೆ ಕೊಟ್ಟೇ ಕೊಡುತ್ತೇವೆ. ‘ನಿಮ್ಮ ಹಬ್ಬ ಅಲ್ವಾ, ಸುಮ್ನೆ ಬಂದು ಮಾಡಿಕೊಡಿ’ ಅನ್ನುವುದು ನ್ಯಾಯವಲ್ಲ.

ಊಟಕ್ಕೇ ಜಾಸ್ತಿ ಓಡಾಡಬೇಕಾಯಿತು. ಇಲ್ಲಿನ ಬಹಳ ಕಾಲೇಜುಗಳಲ್ಲಿ ಕ್ಯಾಂಪಸ್ ಒಳಗೆ ಅಡುಗೆ ಬಡಿಸುವ ಗುತ್ತಿಗೆ ಒಂದೇ ಕಂಪನಿಗೆ ಇರುತ್ತದೆ. ಊರಿನ ಬ್ಲ್ಯಾಕ್ ಅಡುಗೆಯವರಿಂದ ತರಿಸಬೇಕಾದರೆ ವಿನಾಯಿತಿ ಕೇಳಬೇಕು. ಅವರ ಹತ್ತಿರ ವಿಮೆಯ ಪತ್ರ, ಆರೋಗ್ಯ ಇಲಾಖೆಯ ಪರವಾನಗಿ ಇರಬೇಕು. ಇದಕ್ಕೆ ವಾರಗಟ್ಟಲೆ ಹಿಡಿಯುತ್ತದೆ, ಮುಂಚೆಯೇ ಶುರು ಮಾಡಿ. ಹುರಿದ ಮೀನು, ಬೇಯಿಸಿದ ಸೊಪ್ಪು, ಜೋಳದ ಹಿಟ್ಟಿನ ಬ್ರೆಡ್ ಅವರಿಂದ ಬಂತು. ನೈಜೀರಿಯಾ, ಘಾನಾದ ಹುಡುಗರು ಜೊಲೊಫ್ ಅನ್ನ ಮಾಡಿದರು. ಇದು ಬರೀ ಊಟದ ಮಾತಲ್ಲ. ಹತ್ತಿ ಹೊಲದಿಂದ ಅಕ್ರನ್‌ನ ಟೈರ್ ಕಾರ್ಖಾನೆಗೆ ಬಂದವರ ಮೊಮ್ಮಕ್ಕಳು, ಕೊಲಂಬಸ್‌ನ ಸೊಮಾಲಿ ಕುಟುಂಬಗಳ ಮಕ್ಕಳು, ಲಾಗೋಸ್‌ನಿಂದ ನೇರ ವಿಮಾನ ಹತ್ತಿ ಬಂದವರು, ಎಲ್ಲರನ್ನೂ ಒಂದೇ ಚೀಲಕ್ಕೆ ಹಾಕಿದರೆ ಯಾರಿಗೂ ಸಮಾಧಾನವಾಗುವುದಿಲ್ಲ. ಯೋಜನೆ ಮಾಡುವಾಗಲೇ ಎಲ್ಲ ಕಡೆಯವರೂ ಕೂತಿರಬೇಕು.

‘ನಿಜವಾಗಿ ಏನು ಬೇಕು?’ ಅಂತ ವಿದ್ಯಾರ್ಥಿಗಳನ್ನು ಕೇಳಿದಾಗ ಮೊದಲು ಬಂದ ಉತ್ತರ ತಲೆಕೂದಲು. ನಮ್ಮದು ಸಣ್ಣ ಊರು. ಅವರ ಕೂದಲು ಕತ್ತರಿಸಲು, ಜಡೆ ಹೆಣೆಯಲು ಬರುವವರು ಇಲ್ಲಿ ಇರಲಿಲ್ಲ. ಕಾರಿಲ್ಲದ ಹುಡುಗರು ರಜೆಗೆ ಮನೆಗೆ ಹೋಗುವವರೆಗೂ ಕಾಯುತ್ತಿದ್ದರು. ಸಂದರ್ಶನ ಇದ್ದರೆ ಅದೊಂದು ಚಿಂತೆ. ತಿಂಗಳಲ್ಲಿ ಒಂದು ಶನಿವಾರ ನಗರದ ಬಾರ್ಬರ್ ಅಂಗಡಿಗೆ ವಿಶ್ವವಿದ್ಯಾಲಯದ ವ್ಯಾನ್ ಹೋಗಿ ಬರುವ ಹಾಗೆ ಏರ್ಪಾಟಾಯಿತು. ನನಗೆ ಕೇಳಿದರೆ, ನಾವು ಮಾಡಿದ್ದರಲ್ಲಿ ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು ಇದು.

ನನ್ನ ಊರು ಯಲ್ಲಾಪುರ. ‘ಭಾರತದಲ್ಲಿ ಕಪ್ಪು ಜನ ಇದ್ದಾರಾ?’ ಎಂದು ಒಬ್ಬ ಹುಡುಗಿ ಕೇಳಿದಳು. ನಾನು ನಮ್ಮ ಕಡೆಯ ಸಿದ್ದಿಗಳ ಬಗ್ಗೆ ಹೇಳಿದೆ. ಆಫ್ರಿಕಾದಿಂದ ಗುಲಾಮರಾಗಿ, ಸೈನಿಕರಾಗಿ ಗೋವಾ ಮತ್ತು ಬೇರೆ ಬಂದರುಗಳಿಗೆ ಬಂದವರ ಸಂತತಿ, ಈಗ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡಂಚಿನ ಹಳ್ಳಿಗಳಲ್ಲಿ ಇದ್ದಾರೆ, 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದರು ಎಂದೆ. ಸಿದ್ದಿ ಹೆಂಗಸರು ಹೊಲಿದ, ನಮ್ಮ ಮನೆಯಲ್ಲಿದ್ದ ಒಂದು ಕೌದಿಯನ್ನು ತಂದು ತೋರಿಸಿದೆ. ಹಳೆ ಸೀರೆ, ಅಂಗಿಯ ತುಂಡುಗಳನ್ನು ಅಂಚಿನಿಂದ ನಡುವಿಗೆ ಹೊಲಿಯುತ್ತಾ ಬರುತ್ತಾರೆ. ಕೊನೆಗೆ ನಾಲ್ಕೂ ಮೂಲೆಗೆ ಬಟ್ಟೆ ಮಡಚಿ ಹೂವು ಇಡುತ್ತಾರೆ. ಹೂವಿಲ್ಲದಿದ್ದರೆ ಕೌದಿ ಬೆತ್ತಲೆ ಅಂತ ಲೆಕ್ಕ. ಮುಂದಿನ ಅಕ್ಟೋಬರ್‌ನಲ್ಲಿ ಆ ಅಜ್ಜಿ ಅಲಬಾಮಾದಲ್ಲಿ ತನ್ನ ತಾಯಿ ಹೊಲಿದ ಕ್ವಿಲ್ಟ್ ತಂದರು, ಗಂಡಸರ ಹಳೆ ಕೆಲಸದ ಪ್ಯಾಂಟ್‌ಗಳಿಂದ ಮಾಡಿದ್ದು. ಅಲಬಾಮಾದ ಜೀಸ್ ಬೆಂಡ್ ಹಳ್ಳಿಯ ಇಂಥ ಕ್ವಿಲ್ಟ್‌ಗಳು 2006ರಲ್ಲಿ ಅಂಚೆ ಚೀಟಿಯ ಮೇಲೆ ಬಂದಿವೆ. ಎರಡನ್ನೂ ಪಕ್ಕಪಕ್ಕ ಹಾಸಿದಾಗ ಅಜ್ಜಿ ಸಿದ್ದಿ ಕೌದಿಯ ಹೊಲಿಗೆಯನ್ನು ಹೆಬ್ಬೆರಳಿನಿಂದ ಅಳೆದು, ‘ನಮ್ಮಮ್ಮನಿಗಿಂತ ಒತ್ತಾಗಿದೆ’ ಎಂದರು.

ನಮ್ಮವರ ಬಗ್ಗೆಯೂ ಹೇಳಬೇಕು. ಕೆಲವು ಕನ್ನಡ ಮನೆಗಳಲ್ಲಿ ‘ಆ ಹುಡುಗರ ಜೊತೆ ಸೇರಬೇಡ’ ಎಂಬ ಮಾತು ಇವತ್ತಿಗೂ ಇದೆ. ಕೇಳಿದಾಗ ಹೊಟ್ಟೆ ಉರಿಯುತ್ತದೆ. 1946ರ ಕಾಯ್ದೆಯ ಪ್ರಕಾರ ಭಾರತದಿಂದ ವಲಸೆ ಬರಲು ಇದ್ದ ಕೋಟಾ ವರ್ಷಕ್ಕೆ 100 ಜನ. ಬಾಗಿಲು ತೆರೆದದ್ದು 1965ರ ವಲಸೆ ಕಾಯ್ದೆ. ಅದರ ಹಿಂದಿನ ವರ್ಷ ನಾಗರಿಕ ಹಕ್ಕುಗಳ ಕಾಯ್ದೆ ಆಗಿತ್ತು. ಬೀದಿಯಲ್ಲಿ ಲಾಠಿ ಏಟು ತಿಂದು ಅದಕ್ಕೆ ದಾರಿ ಮಾಡಿದವರು ಕಪ್ಪು ಜನ. ನಾವು ಇಲ್ಲಿ ಮನೆ ಕಟ್ಟಿಕೊಂಡದ್ದು ಆ ದಾರಿಯಲ್ಲಿ ಬಂದೇ. ಇದನ್ನು ಒಂದು ಯುಗಾದಿ ಊಟದಲ್ಲಿ ಎದ್ದು ನಿಂತು ಹೇಳಿದೆ. ಆಮೇಲೆ ಕೆಲವು ಕುಟುಂಬಗಳು ಮಕ್ಕಳನ್ನು ಕರೆದುಕೊಂಡು ಪ್ರದರ್ಶನಕ್ಕೆ ಬಂದವು.

2025ರಲ್ಲಿ ಒಹಾಯೊ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ವೈವಿಧ್ಯ, ಸಮಾನತೆಯ ಹೆಸರಿನ ಕಚೇರಿ, ಕಾರ್ಯಕ್ರಮಗಳನ್ನು ನಿಷೇಧಿಸುವ ಕಾಯ್ದೆ ಬಂತು. ವಿದ್ಯಾರ್ಥಿಗಳಿಗೆ ಒಂದು ಬಾಗಿಲು ಮುಚ್ಚಿತು, ಅದು ದೊಡ್ಡ ನಷ್ಟ. ಪದವಿ ಮುಗಿಸಿದವರ ಹೆಗಲಿಗೆ ಘಾನಾದ ಕೆಂಟೆ ಬಟ್ಟೆಯ ಪಟ್ಟಿ ಹೊದಿಸುವ ಕಾರ್ಯಕ್ರಮವನ್ನು ಈಗ ಹಳೆ ವಿದ್ಯಾರ್ಥಿಗಳು ತಮ್ಮದೇ ದುಡ್ಡಲ್ಲಿ ಚರ್ಚಿನ ಹಾಲ್‌ನಲ್ಲಿ ನಡೆಸುತ್ತಾರೆ. ಹೊದಿಸುವುದು ಮೇಷ್ಟ್ರಲ್ಲ, ಸಾಕಿ ಬೆಳೆಸಿದವರು: ತಾಯಿ, ಚಿಕ್ಕಪ್ಪ, ಅಕ್ಕ. ನಾನು ಕುರ್ಚಿ ಹಾಕಲು ಹೋಗುತ್ತೇನೆ, ನನ್ನ ಬಿಡುವಿನ ಹೊತ್ತಿನಲ್ಲಿ. ಆರ್ಕೈವ್ಸ್ ಕೆಲಸಕ್ಕೆ ಅಡ್ಡಿಯಿಲ್ಲ. ಫೋಟೋಗೆ ಹೆಸರು ಬರೆಯುವುದು ಲೈಬ್ರರಿಯ ಮಾಮೂಲಿ ಕೆಲಸ.

ಈಗ 1980ರ ದಶಕದ ಪೆಟ್ಟಿಗೆ ತೆರೆದಿದ್ದೇವೆ. ಆಗ ವರ್ಣಭೇದ ನೀತಿ ನಡೆಸುತ್ತಿದ್ದ ದಕ್ಷಿಣ ಆಫ್ರಿಕಾದಲ್ಲಿ ವ್ಯವಹಾರ ಮಾಡುವ ಕಂಪನಿಗಳಿಂದ ವಿಶ್ವವಿದ್ಯಾಲಯ ತನ್ನ ದುಡ್ಡು ಹಿಂದಕ್ಕೆ ತೆಗೆಯಲಿ ಎಂದು ಹುಲ್ಲುಹಾಸಿನ ಮೇಲೆ ತಗಡು, ಹಲಗೆಗಳ ಗುಡಿಸಲು ಹಾಕಿ ಕೂತ ವಿದ್ಯಾರ್ಥಿಗಳ ಚಿತ್ರಗಳಿವೆ. ಬ್ಲ್ಯಾಕ್ ವಿದ್ಯಾರ್ಥಿಗಳ ನಡುವೆ ಭಾರತೀಯರಂತೆ ಕಾಣುವ ಕೆಲವರಿದ್ದಾರೆ, ಒಬ್ಬಳು ಸಲ್ವಾರ್ ಮೇಲೆ ಸ್ವೆಟರ್ ಹಾಕಿದ್ದಾಳೆ. ಅವರ ಹೆಸರೂ ಬರೆದಿಲ್ಲ. 1985, 86ರ ಹೊತ್ತಿಗೆ ಒಹಾಯೊದಲ್ಲಿ ಓದಿದವರು ನಿಮ್ಮ ಮನೆಯಲ್ಲಿ ಇದ್ದರೆ ಹಳೆ ಆಲ್ಬಮ್ ತೆಗೆಸಿ, ಜೊತೆಗೆ ನಿಂತವರು ಯಾರ್‍ಯಾರು ಅಂತ ಕೇಳಿ ಬರೆದಿಡಿ. ಫೋಟೋದ ಹಿಂದೆ ಮೆತ್ತನೆಯ ಪೆನ್ಸಿಲ್‌ನಲ್ಲಿ ಬರೆಯಿರಿ. ಬಾಲ್‌ಪೆನ್ ಒತ್ತಿದರೆ ಗೆರೆ ಮುಂಭಾಗಕ್ಕೂ ಮೂಡುತ್ತದೆ.