ಎಲುಬು ಬೆಳೆಸಲು ಯಾವ ಕೋಶ: ಬೆಳಗಾವಿಯ ಲ್ಯಾಬಿನಲ್ಲಿ ನನ್ನ ನಾಲ್ಕು ವರ್ಷ

ಕಾಂಡಕೋಶಗಳಿಂದ, ಅಂದರೆ ಬೇರೆ ಬೇರೆ ಅಂಗಾಂಶವಾಗಿ ಬೆಳೆಯಬಲ್ಲ ಮೂಲ ಕೋಶಗಳಿಂದ, ಲ್ಯಾಬಿನಲ್ಲಿ ಎಲುಬಿನ ಅಂಗಾಂಶ ಬೆಳೆಸುವುದು ನನ್ನ ಕೆಲಸ. “ಎಲುಬು ಬೇಕಾದರೆ ಮಜ್ಜೆಗೇ ಹೋಗಬೇಕು, ಹಲ್ಲಿನ ತಿರುಳಿನಲ್ಲಿ ಏನು ಸಿಗುತ್ತದೆ?” ಎಂದು ವಿಭಾಗದ ಹಿರಿಯರೊಬ್ಬರು ಮೊದಲ ವರ್ಷವೇ ಕೇಳಿದ್ದರು. ಕಳೆದ ಮಾರ್ಚ್‌ನಲ್ಲಿ ಅವರೇ ಸೂಕ್ಷ್ಮದರ್ಶಕದ ಮುಂದೆ ಐದು ನಿಮಿಷ ಕುಳಿತು ಏಳಲಿಲ್ಲ. ಹಲ್ಲಿನ ಕೋಶ ಬೆಳೆಸಿದ 21ನೆಯ ದಿನದ ವೆಲ್‌ಗಳು (ತಟ್ಟೆಯ ಪುಟ್ಟ ಗುಳಿಗಳು) ಕ್ಯಾಲ್ಸಿಯಂಗೆ ಹತ್ತುವ ಅಲಿಜರಿನ್ ಬಣ್ಣ ಹಾಕಿದೊಡನೆ ಕುಂಕುಮದ ಬಣ್ಣಕ್ಕೆ ತಿರುಗಿದ್ದವು; ಪಕ್ಕದ ಸಾಲಿನಲ್ಲಿ ಕೋಶ ಹಾಕದೆ ಬಿಟ್ಟ ವೆಲ್‌ಗಳಿಗೆ ಬಣ್ಣವೇ ಹತ್ತಿರಲಿಲ್ಲ. ಆ ಖಾಲಿ ವೆಲ್‌ಗಳ ಬೆಲೆ ನನಗೆ ಚೆನ್ನಾಗಿ ಗೊತ್ತಿದೆ, ಅದನ್ನು ಮುಂದೆ ಹೇಳುತ್ತೇನೆ.

ನಾನೂ ಮಜ್ಜೆಯಿಂದಲೇ ಆರಂಭಿಸಿದ್ದೆ. ಎಲುಬಿನ ಶಸ್ತ್ರಚಿಕಿತ್ಸೆಗೆ ಬಂದವರ ಒಪ್ಪಿಗೆ ಪಡೆದು ಸುಮಾರು ಒಂಬತ್ತು ಮಾದರಿ ಸಂಗ್ರಹಿಸಿದೆವು. ದಾನಿಗಳಲ್ಲಿ ಹೆಚ್ಚಿನವರು ಅರವತ್ತು ದಾಟಿದವರು, ಸೊಂಟ ಮುರಿದುಕೊಂಡವರು. ಮಜ್ಜೆಯ ಒಂದು ಲಕ್ಷ ಕೋಶಗಳಲ್ಲಿ ನಮಗೆ ಬೇಕಾದ ಕಾಂಡಕೋಶ ಒಂದರಿಂದ ಹತ್ತು, ವಯಸ್ಸಾದಂತೆ ಅದೂ ಕಡಿಮೆ. ನಾಲ್ಕು ಮಾದರಿಗಳು ಮಾತ್ರ ಫ್ಲಾಸ್ಕ್ ತುಂಬುವಷ್ಟು ಬೆಳೆದವು, ಅವುಗಳಲ್ಲಿ ಎರಡು, ಮೂರನೆಯ ಪ್ಯಾಸೇಜಿಗೇ (ತುಂಬಿದ ಕೋಶಗಳನ್ನು ಹೊಸ ಫ್ಲಾಸ್ಕಿಗೆ ಹಂಚುವ ಪ್ರತಿ ಸುತ್ತು ಒಂದು ಪ್ಯಾಸೇಜ್) ಚಪ್ಪಟೆಯಾಗಿ ಹರಡಿಕೊಂಡು ನಿಂತುಬಿಟ್ಟವು. ಅಷ್ಟರಲ್ಲಿ ಕೋಶ ಬೆಳೆಯಲು ಬೇಕಾದ ಸೀರಂನ (ರಕ್ತದ ತಿಳಿದ್ರವ) 500 ಮಿಲಿಲೀಟರಿನ ಬಾಟಲಿ ಎರಡು ಮುಗಿದಿದ್ದವು. ಒಂದಕ್ಕೆ ಮೂವತ್ತು ಸಾವಿರದ ಮೇಲೆಯೇ ಕೊಟ್ಟ ನೆನಪು. ಯೋಜನೆಯ ಹಣ ಬರುವುದು ತಡವಾಗಿ ಎರಡನೆಯದನ್ನು ನನ್ನ ಸಂಬಳದಲ್ಲಿ ತರಿಸಿದ್ದೆ.

ಜುಲೈ ಬಂತು. ಬೆಳಗಾವಿಯ ಜುಲೈ ಮಳೆಯಲ್ಲಿ ಗೋಡೆ ಬೆವರುತ್ತದೆ, ಬಾಗಿಲ ಚೌಕಟ್ಟು ಉಬ್ಬುತ್ತದೆ, ಇನ್‌ಕ್ಯುಬೇಟರಿನ ನೀರಿನ ತಟ್ಟೆಯಲ್ಲಿ ಬೂಷ್ಟು ಹುಟ್ಟುತ್ತದೆ. ಒಂದೇ ವಾರದಲ್ಲಿ ಹನ್ನೊಂದು ಫ್ಲಾಸ್ಕ್ ಎಸೆದೆವು. ಅದಾದ ಮೇಲೆ ಒಂದು ಶನಿವಾರ ರಾತ್ರಿ ಇಂಗಾಲದ ಡೈಆಕ್ಸೈಡ್ ಸಿಲಿಂಡರ್ ಖಾಲಿಯಾಯಿತು. ಸೋಮವಾರ ಬಾಗಿಲು ತೆರೆದರೆ ಮೀಡಿಯಂ, ಅಂದರೆ ಕೋಶಗಳ ಆಹಾರದ್ರವ, ಆಮ್ಲದ ಸಮತೋಲ ತಪ್ಪಿ ಎಲ್ಲವೂ ನೇರಳೆಹಣ್ಣಿನ ರಸದಂತಾಗಿತ್ತು. ಅಂದಿನಿಂದ ಎರಡು ಸಿಲಿಂಡರ್ ಜೋಡಿಸದೆ ನಾನು ಯಾವ ದಾನಿಯ ಕೋಶವನ್ನೂ ಒಳಗಿಟ್ಟಿಲ್ಲ.

ಹೊಕ್ಕುಳಬಳ್ಳಿಯ ಕೋಶವನ್ನೂ ನೋಡಿದೆ. ಬೇಗ ಬೆಳೆಯುತ್ತದೆ, ಆದರೆ ನನ್ನ ಕೈಯಲ್ಲಿ 28 ದಿನವಾದರೂ ಸುಣ್ಣ ಕಟ್ಟುವುದಕ್ಕೆ, ಅಂದರೆ ಎಲುಬಿನಂತೆ ಕ್ಯಾಲ್ಸಿಯಂ ಕೂಡಿಸಿಕೊಳ್ಳುವುದಕ್ಕೆ, ಹಿಂದೇಟು ಹಾಕಿತು. ಪುಣೆಯ ರಾಷ್ಟ್ರೀಯ ಕೋಶ ವಿಜ್ಞಾನ ಕೇಂದ್ರದಿಂದ ಎಂಜಿ-63 ಮತ್ತು ಸಾವೋಸ್-2 ಎಂಬ, ಲ್ಯಾಬಿನಲ್ಲಿ ಬೆಳೆಯುತ್ತಲೇ ಇರುವ ಎರಡು ಕೋಶತಳಿಗಳನ್ನೂ ರಾತ್ರಿ ಬಸ್ಸಿನಲ್ಲಿ, ಕತ್ತಿನವರೆಗೆ ಮೀಡಿಯಂ ತುಂಬಿದ ಫ್ಲಾಸ್ಕ್ ಮಡಿಲಲ್ಲಿಟ್ಟುಕೊಂಡು ತಂದೆ. ಎರಡೂ ಎಲುಬಿನ ಕ್ಯಾನ್ಸರಿನಿಂದ ಬಂದವು. ಒಂದು ಹದಿನಾಲ್ಕರ ಹುಡುಗನದು, ಇನ್ನೊಂದು ಹನ್ನೊಂದರ ಹುಡುಗಿಯದು. ಅಂಗಾಂಶ ಬೆಳೆಸಲು ಇವು ಬೇಡ. ಆದರೆ ಸಾವೋಸ್-2 ಸುಲಭವಾಗಿ ಸುಣ್ಣ ಕಟ್ಟುವುದರಿಂದ ಹೊಸ ಬಣ್ಣದ ಬಾಟಲಿ ಸರಿಯಿದೆಯೇ ಎಂದು ನೋಡಲು ಇದಕ್ಕಿಂತ ಒಳ್ಳೆಯದಿಲ್ಲ. ಎಂಜಿ-63 ಈ ಕೆಲಸಕ್ಕೆ ಬಾರದು, ಸುಣ್ಣ ಕಟ್ಟಲು ಬೇಕಾದ ಆಲ್ಕಲೈನ್ ಫಾಸ್ಫಟೇಸ್ ಎಂಬ ಕಿಣ್ವವೇ ಅದರಲ್ಲಿ ಕಡಿಮೆ.

ಹಲ್ಲಿನ ಕಡೆ ಹೊರಳಿದ್ದು ಅನಂತರ. ತಿರುಳಿನಲ್ಲಿ ಕಾಂಡಕೋಶಗಳಿವೆ ಎಂದು 2000ದಲ್ಲೇ ತೋರಿಸಿದ್ದಾರೆ, ಹಾಲುಹಲ್ಲಿನಲ್ಲೂ ಇವೆ ಎಂದು 2003ರಲ್ಲಿ. ಹಾಲುಹಲ್ಲು ಕೇಳಿಕೊಂಡು ಮೂರು ಮನೆಗಳಿಗೆ ಹೋದೆ. ಒಂದು ಮನೆಯ ಅಜ್ಜಿ, “ಹಾಲುಹಲ್ಲನ್ನು ಮಾಳಿಗೆಯ ಮೇಲೆ ಎಸೆಯಬೇಕು ತಂಗಿ, ಹೊರಗೆ ಕೊಡಬಾರದು” ಎಂದು ಚಹಾ ಕುಡಿಸಿ ಕಳಿಸಿದರು. ಕೊನೆಗೆ ನೆರವಾದದ್ದು ಹಲ್ಲು ಸಾಲು ಮಾಡಿಸಲು ತಂತಿ ಹಾಕಿಸುವ ಮಕ್ಕಳು. ಅವರಿಗೆ ಗಟ್ಟಿಯಾದ, ಹುಳುಕಿಲ್ಲದ ಮುಂದವಡೆ ಹಲ್ಲನ್ನು ತೆಗೆಯಲೇಬೇಕಾಗುತ್ತದೆ, ಅದು ಕಸದ ಡಬ್ಬಿಗೆ ಹೋಗುತ್ತದೆ. ದಾನಿಯ ವಯಸ್ಸು 13ರಿಂದ 22. ಹದಿನೆಂಟರ ಒಳಗಿನವರಿಗೆ ತಾಯಿ ಅಥವಾ ತಂದೆಯ ಸಹಿ, ಜೊತೆಗೆ 2017ರ ರಾಷ್ಟ್ರೀಯ ಮಾರ್ಗಸೂಚಿಯಂತೆ ಕಾಂಡಕೋಶ ಸಮಿತಿಯ ಅನುಮತಿ. ಕಾಗದಪತ್ರ ಮುಗಿಯದೆ ಹಲ್ಲನ್ನು ಮುಟ್ಟಬೇಡಿ.

ಮೊದಲು ಎಲ್ಲರಂತೆ ಕೊಲ್ಯಾಜಿನೇಸ್, ಡಿಸ್ಪೇಸ್ ಎಂಬ ಕಿಣ್ವಗಳನ್ನು ಹಾಕಿ ತಿರುಳನ್ನು ಕರಗಿಸಿದೆ. ದುಬಾರಿ, ಒಂದು ತಿರುಳಿನಿಂದ ಬರುವ ಕೋಶವೂ ಸ್ವಲ್ಪವೇ. ಆಮೇಲೆ ತಿರುಳನ್ನು ಚೂರು ಮಾಡಿ ತಟ್ಟೆಗೆ ಅಂಟಿಸಿ, ಅಂಚಿನಿಂದ ಕೋಶ ತಾನಾಗಿ ಹೊರಬರಲು ಬಿಟ್ಟೆ. ಏಳೆಂಟು ದಿನ ಏನೂ ಕಾಣದೆ ಎದೆ ಕುಸಿಯುತ್ತದೆ, ಒಂಬತ್ತನೆಯ ದಿನ ಅಂಚಿನಲ್ಲಿ ನೂಲುವ ಕದಿರುಗಳಂಥ ಕೋಶಗಳು ಕಾಣಿಸುತ್ತವೆ. ಬೇರಿನ ತುದಿಯ ಕಡೆಯ ಚೂರುಗಳನ್ನು ಬೇರೆಯಾಗಿಡಿ, ಅವೇ ಚುರುಕು. ಚೂರು ಅಂಟಲು ಮೀಡಿಯಂ ಸುರಿಯುವ ಮೊದಲು ಎಷ್ಟು ನಿಮಿಷ ಕಾಯಬೇಕು, ತಟ್ಟೆಗೆ ಮೊದಲು ಏನು ಸವರಬೇಕು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದಕ್ಕೆ ಒಂದೂವರೆ ವರ್ಷ ಸವೆಸಿದ್ದೇನೆ.

ಇಪ್ಪತ್ಮೂರು ಹಲ್ಲುಗಳಲ್ಲಿ ಹದಿನೇಳು ಬೆಳೆದವು. ಕೋಶದ ಮೈಮೇಲಿನ ಗುರುತಿನ ಪ್ರೋಟೀನುಗಳ ಪರೀಕ್ಷೆ ಮಾಡಿಸಿದೆ: ಈ ಕಾಂಡಕೋಶಗಳಲ್ಲಿ ಇರಬೇಕಾದ ಸಿಡಿ73, ಸಿಡಿ90, ಸಿಡಿ105 ಮೂರೂ ಎಲ್ಲದರಲ್ಲೂ ಚೆನ್ನಾಗಿಯೇ ಬಂದವು, ಇರಬಾರದ ಸಿಡಿ34 ಮತ್ತು ಸಿಡಿ45 ಇರಲಿಲ್ಲ. ಆದರೂ ಹದಿನೇಳರಲ್ಲಿ ಗಟ್ಟಿಯಾಗಿ ಸುಣ್ಣ ಕಟ್ಟಿದ್ದು ಆರು ಮಾತ್ರ! ಪ್ರತಿ ಮಾದರಿಯ ಆ ಪರೀಕ್ಷೆಗೆ ಆರೇಳು ಸಾವಿರ ತೆತ್ತ ಮೇಲೆ ಗೊತ್ತಾಯಿತು, ಅದು ಕೋಶದ ಕುಲವನ್ನು ಹೇಳುತ್ತದೆ, ಕಸುಬನ್ನು ಹೇಳುವುದಿಲ್ಲ. ಈಗ ಎರಡನೆಯ ಪ್ಯಾಸೇಜಿನಲ್ಲೇ ಪ್ರತಿ ದಾನಿಯ ಅರ್ಧ ಕೋಶಗಳನ್ನು ದ್ರವ ಸಾರಜನಕಕ್ಕೆ ಕಳಿಸುತ್ತೇನೆ, ಉಳಿದರ್ಧವನ್ನು ಎಲುಬಿನ ಮೀಡಿಯಂನಲ್ಲಿ (ಕೋಶವನ್ನು ಎಲುಬಿನತ್ತ ತಿರುಗಿಸುವ ದ್ರವ) ಹತ್ತು ದಿನ ಇಟ್ಟು ಆಲ್ಕಲೈನ್ ಫಾಸ್ಫಟೇಸ್ ನೋಡುತ್ತೇನೆ. ಆ ಎಲುಬಿನ ಮೀಡಿಯಂ ಹಾಕದ ಜೊತೆಯ ಕೋಶಗಳಿಗಿಂತ ಮೂರು ಪಟ್ಟು ಏರದ ದಾನಿಯನ್ನು ಕೈಬಿಡುತ್ತೇನೆ. ಐದನೆಯ ಪ್ಯಾಸೇಜ್ ದಾಟಿದ ಕೋಶವನ್ನು ಯಾರು ಕೊಟ್ಟರೂ ತೆಗೆದುಕೊಳ್ಳುವುದಿಲ್ಲ. ಮಜ್ಜೆಯೋ ಹಲ್ಲೋ ಎಂಬ ಜಗಳಕ್ಕಿಂತ ಯಾವ ದಾನಿ ಎಂಬುದು ನನಗೆ ದೊಡ್ಡದಾಗಿ ಕಂಡಿದೆ. ನಮ್ಮ ಊರಿನಲ್ಲಿ ಎಳೆಯ ದಾನಿ ಸಿಗುವುದು ಹಲ್ಲಿನ ಕುರ್ಚಿಯಲ್ಲಿ, ಅದಕ್ಕೇ ಹಲ್ಲು.

ಇನ್ನು ಆ ಖಾಲಿ ವೆಲ್‌ಗಳ ವಿಷಯ. ಎರಡನೆಯ ವರ್ಷ ಮೊಟ್ಟೆಯ ಚಿಪ್ಪನ್ನು 900 ಡಿಗ್ರಿಯಲ್ಲಿ ಸುಟ್ಟು ಫಾಸ್ಫೇಟ್ ಸೇರಿಸಿ ಎಲುಬಿನ ಖನಿಜವಾದ ಹೈಡ್ರಾಕ್ಸಿಅಪಟೈಟ್ ಮಾಡಿ, ಅದರ ಬಿಲ್ಲೆಗಳ ಮೇಲೆ ಕೋಶ ಬಿತ್ತಿದ್ದೆ. ಚಿಪ್ಪು ಹಾಸ್ಟೆಲ್ ಮೆಸ್ಸಿನದು, ಖರ್ಚಿಲ್ಲ. ಬಿಲ್ಲೆ ಕಡುಗೆಂಪಾಯಿತು, ಸಭೆಯಲ್ಲಿ ಹೆಮ್ಮೆಯಿಂದ ತೋರಿಸಿದೆ. “ಕೋಶವಿಲ್ಲದ ಬಿಲ್ಲೆಗೆ ಬಣ್ಣ ಹಾಕಿದ್ದೀರಾ?” ಎಂದು ಹಿಂದಿನ ಸಾಲಿನಿಂದ ಒಬ್ಬರು ಕೇಳಿದರು. ಹಾಕಿರಲಿಲ್ಲ. ಬಿಲ್ಲೆಯೇ ಕ್ಯಾಲ್ಸಿಯಂ, ಬಣ್ಣ ಹತ್ತದೆ ಇರುತ್ತದೆಯೇ? ಐದು ತಿಂಗಳ ಕೆಲಸ ಹೋಯಿತು. ಎಲುಬಿನ ಮೀಡಿಯಂಗೆ ಹಾಕುವ ಗ್ಲಿಸರೋಫಾಸ್ಫೇಟ್ 10 ಮಿಲಿಮೋಲಾರ್ ಇದ್ದಾಗ ಸತ್ತ ಕೋಶಗಳ ಮೇಲೂ ಹರಳು ಕೂರುವುದನ್ನು ಆಮೇಲೆ ಕಂಡೆ, ಈಗ 5ಕ್ಕೆ ಇಳಿಸಿದ್ದೇನೆ. ಅದೇ ಮೀಡಿಯಂನ ಇನ್ನೊಂದು ಪದಾರ್ಥ, ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್, 100 ನ್ಯಾನೋಮೋಲಾರ್ ಮೀರಬಾರದು. ಒಮ್ಮೆ ನಾನು ಬೆರೆಸುವಾಗ ತಪ್ಪಿ ಹತ್ತು ಪಟ್ಟು ಹಾಕಿದ್ದೆ, ಮೂರು ವಾರಕ್ಕೆ ಕೋಶಗಳ ತುಂಬ ಕೊಬ್ಬಿನ ಹನಿ.

ಸೀರಂ ಖರ್ಚು ತಪ್ಪಿಸಲು ರಕ್ತನಿಧಿಯಲ್ಲಿ ಐದು ದಿನ ಕಳೆದು ಅವಧಿ ಮುಗಿದ ಪ್ಲೇಟ್‌ಲೆಟ್‌ಗಳನ್ನು (ರಕ್ತ ಹೆಪ್ಪುಗಟ್ಟಿಸುವ ಕಣಗಳು) ಮಂಜುಗಡ್ಡೆಯಾಗಿಸಿ ಕರಗಿಸಿ ಬಳಸುತ್ತಿದ್ದೇನೆ. ಮೊದಲ ಸಲ, ಹೆಪ್ಪುಗಟ್ಟದಂತೆ ತಡೆಯುವ ಹೆಪರಿನ್ ಹಾಕುವುದನ್ನು ಮರೆತು ಇಡೀ ಬಾಟಲಿ ಗಿಣ್ಣಿನಂತೆ ಗಟ್ಟಿಯಾಯಿತು. ಈಗ ಮಿಲಿಲೀಟರಿಗೆ ಎರಡು ಯೂನಿಟ್ ಹೆಪರಿನ್ ಹಾಕುತ್ತೇನೆ. ಕೋಶಗಳು ಸೀರಂಗಿಂತ ಬೇಗ ದುಪ್ಪಟ್ಟಾಗುತ್ತಿವೆ, ತಿಂಗಳಿಗೆ ಎಂಟು ಸಾವಿರದಷ್ಟು ಉಳಿಯುತ್ತಿದೆ. ಎಂಟು ತಿಂಗಳು ಸಾರಜನಕದಲ್ಲಿದ್ದ ಹನ್ನೊಂದನೆಯ ದಾನಿಯ ಕೋಶಗಳನ್ನು ಹೋದ ವಾರ ಈ ಪ್ಲೇಟ್‌ಲೆಟ್ ದ್ರವದಲ್ಲೇ ಎಬ್ಬಿಸಿದೆ. ನೂರಕ್ಕೆ ಎಂಬತ್ತರ ಮೇಲೆ ಬದುಕಿವೆ, ನಾಳೆ ಎಲುಬಿನ ಮೀಡಿಯಂಗೆ ಹಾಕುತ್ತೇನೆ, ಖಾಲಿ ವೆಲ್‌ಗಳ ಸಾಲಿನೊಂದಿಗೆ.